ಬೇಸ್ ಆಂಪ್‌ನ ಯುಎಸ್‌ಬಿಯಿಂದ ಕಂಪ್ಯೂಟರ್‌ಗೆ ರೆಕಾರ್ಡಿಂಗ್: ಸದ್ದು ಬಾರದಿದ್ದರೆ ಎಲ್ಲಿಂದ ಹುಡುಕಬೇಕು?

ಆಂಪ್‌ನ ಸ್ಪೀಕರ್‌ನಲ್ಲಿ ಬೇಸ್ ಗಿಟಾರ್ ಚೆನ್ನಾಗಿಯೇ ಕೇಳಿಸುತ್ತಿದೆ. ಯುಎಸ್‌ಬಿ ಕೇಬಲ್ ಸಿಕ್ಕಿಸಿಯಾಗಿದೆ. ಆದರೆ ರೆಕಾರ್ಡ್ ಗುಂಡಿ ಒತ್ತಿದರೆ ಪರದೆಯ ಮೇಲೆ ಅಲೆಯೇ ಇಲ್ಲ, ಉದ್ದಕ್ಕೂ ಒಂದು ಚಪ್ಪಟೆ ಗೆರೆ. ಇಲ್ಲಿ ಸಿಕ್ಕಿಕೊಂಡವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಡ್ರೈವರ್‌ಗೆ, ಎಂದರೆ ಸಾಧನವನ್ನು ಕಂಪ್ಯೂಟರ್‌ಗೆ ಪರಿಚಯಿಸುವ ಪುಟ್ಟ ತಂತ್ರಾಂಶಕ್ಕೆ. ಅದನ್ನು ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ, ಆಗದಿದ್ದರೆ ರೆಕಾರ್ಡಿಂಗ್ ತಂತ್ರಾಂಶವನ್ನೇ ಬದಲಿಸುತ್ತಾರೆ. ಅಷ್ಟು ಹೊತ್ತಿಗೆ ಮೊದಲಿದ್ದ ತೊಂದರೆಗೆ ಹೊಸ ತೊಂದರೆಗಳೂ ಸೇರಿಕೊಂಡು, ಯಾವುದು ಯಾವುದರಿಂದ ಆಯಿತು ಎಂದು ಹೇಳಲಾಗದ ಸ್ಥಿತಿ ಬಂದಿರುತ್ತದೆ.

ಸದ್ದು ಸಾಗುವ ದಾರಿ ಒಂದೇ: ಗಿಟಾರ್, ಆಂಪ್, ಕೇಬಲ್, ಕಂಪ್ಯೂಟರ್‌ನ ಪೋರ್ಟ್, ಆಪರೇಟಿಂಗ್ ಸಿಸ್ಟಂ, ರೆಕಾರ್ಡಿಂಗ್ ತಂತ್ರಾಂಶ, ಕೊನೆಗೆ ಅದರೊಳಗಿನ ಟ್ರ್ಯಾಕ್ (ಒಂದು ವಾದ್ಯದ ಸದ್ದು ದಾಖಲಾಗುವ ಸಾಲು). ಹುಡುಕಾಟವೂ ಇದೇ ಕ್ರಮದಲ್ಲಿ, ಗಿಟಾರ್‌ನ ಕಡೆಯಿಂದಲೇ ನಡೆಯಬೇಕು. ಒಂದು ಹಂತ ಸರಿಯಿದೆ ಎಂದು ಖಚಿತವಾಗದೆ ಮುಂದಿನದಕ್ಕೆ ಹೋಗಬೇಡಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಏನು ಬದಲಿಸಿದಿರಿ ಎಂಬುದನ್ನು ಬರೆದಿಟ್ಟುಕೊಳ್ಳಿ. ಈ ಶಿಸ್ತನ್ನು ಪಾಲಿಸದಿದ್ದರೆ ಕೆಳಗಿನ ಯಾವ ಸಲಹೆಯೂ ಕೆಲಸಕ್ಕೆ ಬರುವುದಿಲ್ಲ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಆಂಪ್‌ನ ಕೈಪಿಡಿ, ಕಾಗದದ್ದಾದರೂ ಸರಿ, ತಯಾರಕರ ಜಾಲತಾಣದಿಂದ ಇಳಿಸಿಕೊಂಡದ್ದಾದರೂ ಸರಿ. ಬೇರೆ ಯಾವುದಾದರೂ ಸಾಧನದಲ್ಲಿ ಕಡತಗಳನ್ನು ವರ್ಗಾಯಿಸಿ ಪರೀಕ್ಷಿಸಿದ ಒಂದು ಯುಎಸ್‌ಬಿ ಕೇಬಲ್, ಅದರ ಜೊತೆ ಬದಲಿಯಾಗಿ ಇನ್ನೊಂದು. ತಂತಿ ಇರುವ ಹೆಡ್‌ಫೋನ್. ಬ್ಲೂಟೂತ್ ಹೆಡ್‌ಫೋನ್ ತಾನಾಗಿಯೇ ವಿಳಂಬ ಸೇರಿಸುವುದರಿಂದ ಈ ಕೆಲಸಕ್ಕೆ ಬೇಡ. ಪರೀಕ್ಷೆಗೆ ಆಡಾಸಿಟಿಯಂತಹ ಸರಳ ರೆಕಾರ್ಡಿಂಗ್ ತಂತ್ರಾಂಶ. ಇಷ್ಟು ಸಾಕು.

ಹಂತ 1: ಆ ಯುಎಸ್‌ಬಿ ಕಿಂಡಿ ಸದ್ದನ್ನು ಸಾಗಿಸುತ್ತದೆಯೇ?

ಬಹಳ ಜನ ಕೇಳಿಕೊಳ್ಳದ ಪ್ರಶ್ನೆ ಇದು. ಆಂಪ್‌ನ ಮೇಲೆ ಯುಎಸ್‌ಬಿ ಕಿಂಡಿ ಇದೆ ಎಂದ ಮಾತ್ರಕ್ಕೆ ಅದರಿಂದ ರೆಕಾರ್ಡಿಂಗ್ ಆಗಲೇಬೇಕು ಎಂದೇನಿಲ್ಲ. ಕೆಲವು ಆಂಪ್‌ಗಳಲ್ಲಿ ಅದು ಫರ್ಮ್‌ವೇರ್ (ಆಂಪ್‌ನ ಒಳಗೇ ಇರುವ ತಂತ್ರಾಂಶ) ನವೀಕರಿಸುವುದಕ್ಕೆ ಮಾತ್ರ ಇರುತ್ತದೆ. ಕೆಲವದರಲ್ಲಿ ಕಂಪ್ಯೂಟರ್‌ನಿಂದ ಟೋನ್ ಬದಲಿಸುವುದಕ್ಕೆ ಇರುತ್ತದೆ. ಪೆನ್‌ಡ್ರೈವ್ ಹಾಕುವ ಅಗಲವಾದ ಚಪ್ಪಟೆ ಕಿಂಡಿಯಾದರೆ, ಅದು ಹಾಡು ನುಡಿಸುವುದಕ್ಕೋ ಮೊಬೈಲ್ ಚಾರ್ಜ್ ಮಾಡುವುದಕ್ಕೋ ಇರುವ ಸಾಧ್ಯತೆ ಹೆಚ್ಚು.

ಕೈಪಿಡಿಯಲ್ಲಿ ‘ಯುಎಸ್‌ಬಿ ಆಡಿಯೊ’, ‘ಯುಎಸ್‌ಬಿ ರೆಕಾರ್ಡಿಂಗ್’ ಅಥವಾ ‘ಆಡಿಯೊ ಇಂಟರ್‌ಫೇಸ್’ ಎಂಬ ಮಾತು ಇದೆಯೇ ನೋಡಿ. ಇದ್ದರೆ ಅದೇ ಪುಟದಿಂದ ಮೂರು ಸಂಗತಿಗಳನ್ನು ಬರೆದುಕೊಳ್ಳಿ: ವಿಂಡೋಸ್‌ಗೆ ಪ್ರತ್ಯೇಕ ಡ್ರೈವರ್ ಬೇಕೇ, ಯಾವ ಸ್ಯಾಂಪಲ್ ರೇಟ್‌ನಲ್ಲಿ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದು ದಾಖಲಿಸುತ್ತದೆ ಎಂಬ ಸಂಖ್ಯೆ) ಕೆಲಸ ಮಾಡುತ್ತದೆ, ಎಷ್ಟು ಚಾನೆಲ್‌ಗಳನ್ನು ಕಳುಹಿಸುತ್ತದೆ. ಮುಂದೆ ಮೂರೂ ಬೇಕಾಗುತ್ತವೆ. ಅಂತಹ ಮಾತು ಎಲ್ಲಿಯೂ ಇಲ್ಲದಿದ್ದರೆ ಇಲ್ಲಿಯೇ ನಿಲ್ಲಿಸಿ, ನೇರವಾಗಿ ಕೊನೆಯ ಹಂತಕ್ಕೆ ಹೋಗಿ. ಇಲ್ಲದ ಸೌಲಭ್ಯವನ್ನು ಯಾವ ಡ್ರೈವರ್ ಕೂಡ ತಂದುಕೊಡುವುದಿಲ್ಲ.

ಹಂತ 2: ಕೇಬಲ್ ಮತ್ತು ಪೋರ್ಟ್

ಮೊಬೈಲ್ ಚಾರ್ಜರ್ ಜೊತೆ, ಪವರ್ ಬ್ಯಾಂಕ್ ಜೊತೆ ಬರುವ ಎಷ್ಟೋ ಕೇಬಲ್‌ಗಳಲ್ಲಿ ವಿದ್ಯುತ್ ಹರಿಯುವ ಎರಡು ತಂತಿಗಳು ಮಾತ್ರ ಇರುತ್ತವೆ. ಡೇಟಾ ಸಾಗಿಸುವ ತಂತಿಗಳೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ. ಆಂಪ್‌ನಲ್ಲಿ ಮೈಕ್ರೊ ಯುಎಸ್‌ಬಿ ಕಿಂಡಿ ಇದ್ದರೆ ಈ ತಪ್ಪು ಇನ್ನೂ ಸುಲಭವಾಗಿ ಆಗುತ್ತದೆ, ಏಕೆಂದರೆ ಮನೆಯಲ್ಲಿ ಉಳಿದುಕೊಂಡಿರುವ ಹಳೆಯ ಮೈಕ್ರೊ ಕೇಬಲ್‌ಗಳಲ್ಲಿ ಚಾರ್ಜಿಂಗ್‌ಗೆ ಮಾತ್ರ ಇರುವವು ಹೇರಳ. ಹಾಗಾಗಿ ಅಂದಾಜು ಮಾಡುತ್ತಾ ಕೂರಬೇಡಿ. ಕೇಬಲನ್ನು ಒಂದು ಮೊಬೈಲ್‌ಗೋ ಹಾರ್ಡ್ ಡಿಸ್ಕ್‌ಗೋ ಹಾಕಿ, ಕಂಪ್ಯೂಟರ್‌ನಿಂದ ಒಂದು ಕಡತ ವರ್ಗಾವಣೆಯಾಗುತ್ತದೆಯೇ ನೋಡಿ. ಆಗದಿದ್ದರೆ ಆ ಕೇಬಲನ್ನು ಈ ಕೆಲಸದಿಂದ ದೂರವಿಡಿ.

ಕೇಬಲ್ ಉದ್ದ ಐದು ಮೀಟರ್ ದಾಟಬಾರದು. ಎರಡು ಮೀಟರ್‌ನ ಒಳಗಿದ್ದರೆ ಒಳ್ಳೆಯದು. ಜೋಡಣೆಯ ಎಕ್ಸ್‌ಟೆನ್ಷನ್ ತುಂಡುಗಳು ಬೇಡ. ಆಂಪ್‌ನಲ್ಲಿ ಸಿ ಮಾದರಿಯ ಕಿಂಡಿ ಇದ್ದು, ಎರಡೂ ತುದಿಗಳಲ್ಲಿ ಸಿ ಇರುವ ಕೇಬಲ್‌ನಿಂದ ಕಂಪ್ಯೂಟರ್ ಅದನ್ನು ಗುರುತಿಸದಿದ್ದರೆ, ಒಂದು ತುದಿಯಲ್ಲಿ ಹಳೆಯ ಎ ಮಾದರಿ ಇರುವ ಕೇಬಲನ್ನು ಪ್ರಯತ್ನಿಸಿ. ಒಳಗಿನ ಜೋಡಣೆ ಅರೆಬರೆಯಾಗಿರುವ ಸಾಧನಗಳು ಸಿ-ಸಿ ಕೇಬಲ್‌ನಲ್ಲಿ ಕಾಣಿಸಿಕೊಳ್ಳದೆ, ಎ-ಸಿ ಕೇಬಲ್‌ನಲ್ಲಿ ಸಲೀಸಾಗಿ ಕಾಣಿಸಿಕೊಳ್ಳುವುದುಂಟು.

ಪರೀಕ್ಷೆ ಮುಗಿಯುವವರೆಗೆ ಯುಎಸ್‌ಬಿ ಹಬ್, ಡಾಕ್, ಮಾನಿಟರ್‌ನ ಪೋರ್ಟ್ ಯಾವುದೂ ಬೇಡ. ಕಂಪ್ಯೂಟರ್‌ನ ಮೈಮೇಲಿರುವ ಪೋರ್ಟ್‌ಗೇ ನೇರವಾಗಿ ಸಿಕ್ಕಿಸಿ. ಮೇಜಿನ ಮೇಲಿನ ಕಂಪ್ಯೂಟರ್ ಆದರೆ ಹಿಂಭಾಗದ ಪೋರ್ಟ್‌ಗಳನ್ನು ಬಳಸಿ. ಅವು ಮದರ್‌ಬೋರ್ಡ್‌ನಲ್ಲೇ ಇರುತ್ತವೆ, ಮುಂಭಾಗದವು ಇನ್ನೊಂದು ಒಳ ಕೇಬಲ್ ಮೂಲಕ ಬರುತ್ತವೆ.

ಹಂತ 3: ಆನ್ ಮಾಡುವ ಕ್ರಮ

ಆಂಪ್‌ನ ಮಾಸ್ಟರ್ ವಾಲ್ಯೂಮ್ ಸೊನ್ನೆಗೆ ಇಳಿಸಿ. ಕೇಬಲ್ ಸಿಕ್ಕಿಸಿ. ಆಂಪ್ ಆನ್ ಮಾಡಿ. ಸ್ವಲ್ಪ ಹೊತ್ತು ಬಿಟ್ಟು, ಎಲ್ಲಕ್ಕಿಂತ ಕೊನೆಗೆ ರೆಕಾರ್ಡಿಂಗ್ ತಂತ್ರಾಂಶ ತೆರೆಯಿರಿ.

ಈ ಕ್ರಮ ಏಕೆ ಮುಖ್ಯ ಎಂದರೆ, ಅನೇಕ ತಂತ್ರಾಂಶಗಳು ತೆರೆದುಕೊಳ್ಳುವಾಗ ಮಾತ್ರ ಯಾವ ಯಾವ ಆಡಿಯೊ ಸಾಧನಗಳಿವೆ ಎಂದು ಪಟ್ಟಿ ಮಾಡುತ್ತವೆ. ಆಮೇಲೆ ಸಿಕ್ಕಿಸಿದ ಆಂಪ್ ಅವುಗಳ ಲೆಕ್ಕಕ್ಕೇ ಬರುವುದಿಲ್ಲ. ಆಡಾಸಿಟಿಯಲ್ಲಿ ‘ರೀಸ್ಕ್ಯಾನ್ ಆಡಿಯೊ ಡಿವೈಸಸ್’ ಎಂಬ ಆಯ್ಕೆ ಇದೆ. ಉಳಿದ ಕಡೆ ತಂತ್ರಾಂಶ ಮುಚ್ಚಿ ತೆರೆಯುವುದೇ ದಾರಿ.

ವಾಲ್ಯೂಮ್ ಇಳಿಸಲು ಹೇಳಿದ್ದಕ್ಕೂ ಕಾರಣವಿದೆ. ಆಡಿಯೊ ಸಾಗಿಸುವ ಆಂಪ್ ಅನ್ನು ಜೋಡಿಸಿದ ಕೂಡಲೇ ಕಂಪ್ಯೂಟರ್ ಅದನ್ನು ತನ್ನ ಸ್ಪೀಕರ್ ಎಂದೂ ಭಾವಿಸಬಹುದು. ಆಗ ಯಾವುದೋ ಸಂದೇಶದ ಗಂಟೆ, ಎಲ್ಲೋ ಓಡುತ್ತಿದ್ದ ವಿಡಿಯೊ ಎಲ್ಲವೂ ಬೇಸ್ ಆಂಪ್‌ನಿಂದ ಪೂರ್ಣ ಶಕ್ತಿಯಲ್ಲಿ ಹೊಮ್ಮುತ್ತವೆ. ಹೆಡ್‌ಫೋನ್ ಹಾಕಿಕೊಂಡಿದ್ದರೆ ಕಿವಿಗೆ ಪೆಟ್ಟು. ಲ್ಯಾಪ್‌ಟಾಪ್‌ನ ಸ್ಪೀಕರ್ ಇದ್ದಕ್ಕಿದ್ದಂತೆ ಮೌನವಾಗುವುದಕ್ಕೂ ಇದೇ ಕಾರಣ. ಅದು ಕೆಟ್ಟಿಲ್ಲ, ಸದ್ದು ಆಂಪ್‌ನ ಕಡೆ ತಿರುಗಿದೆ ಅಷ್ಟೇ.

ಹಂತ 4: ಆಪರೇಟಿಂಗ್ ಸಿಸ್ಟಂ ಆಂಪ್ ಅನ್ನು ಕಾಣುತ್ತಿದೆಯೇ?

ರೆಕಾರ್ಡಿಂಗ್ ತಂತ್ರಾಂಶವನ್ನು ಮರೆತುಬಿಡಿ. ಈಗ ನೋಡಬೇಕಾದದ್ದು ಕಂಪ್ಯೂಟರ್‌ಗೆ ಆಂಪ್‌ನ ಗುರುತು ಸಿಕ್ಕಿದೆಯೇ ಎಂಬುದನ್ನು ಮಾತ್ರ.

ವಿಂಡೋಸ್‌ನಲ್ಲಿ ‘ಡಿವೈಸ್ ಮ್ಯಾನೇಜರ್’ ತೆರೆದಿಟ್ಟುಕೊಂಡು ಕೇಬಲನ್ನು ತೆಗೆದು ಮತ್ತೆ ಸಿಕ್ಕಿಸಿ. ಪಟ್ಟಿ ಒಮ್ಮೆ ಕದಲಿ ಹೊಸ ಹೆಸರೊಂದು ಬರಬೇಕು. ‘ಸೌಂಡ್, ವಿಡಿಯೊ ಅಂಡ್ ಗೇಮ್ ಕಂಟ್ರೋಲರ್ಸ್’ ಅಡಿಯಲ್ಲಿ ಬಂದರೆ ಒಳ್ಳೆಯದು. ‘ಅದರ್ ಡಿವೈಸಸ್’ ಅಡಿಯಲ್ಲಿ ಹಳದಿ ಎಚ್ಚರಿಕೆ ಗುರುತಿನೊಂದಿಗೆ ಬಂದರೆ, ಕೇಬಲ್ ಸರಿಯಿದೆ, ಡ್ರೈವರ್ ಬೇಕಾಗಿದೆ ಎಂದು ಅರ್ಥ. ಏನೂ ಕದಲದಿದ್ದರೆ ಡ್ರೈವರ್‌ನ ಗೊಡವೆಯೇ ಬೇಡ, ಎರಡನೆಯ ಹಂತಕ್ಕೆ ಹಿಂದಿರುಗಿ. ನೂರು ಬಾರಿ ಡ್ರೈವರ್ ಹಾಕಿದರೂ ಸತ್ತ ಕೇಬಲ್‌ಗೆ ಜೀವ ಬರುವುದಿಲ್ಲ.

ಡ್ರೈವರ್ ಬೇಕಾದರೆ ಆಂಪ್ ತಯಾರಕರ ಜಾಲತಾಣದಿಂದಲೇ ಪಡೆಯಿರಿ. ಕೇಬಲ್ ತೆಗೆದಿಟ್ಟು, ಡ್ರೈವರ್ ಹಾಕಿ, ಕಂಪ್ಯೂಟರ್ ಮರುಪ್ರಾರಂಭಿಸಿ, ಆಮೇಲೆ ಕೇಬಲ್ ಸಿಕ್ಕಿಸುವುದು ಸುರಕ್ಷಿತ ಕ್ರಮ. ಕೈಪಿಡಿಗಳಲ್ಲಿ ‘ಯುಎಸ್‌ಬಿ ಆಡಿಯೊ ಕ್ಲಾಸ್ 2’ ಎಂದು ಕರೆಯುವ ಸಾಧನಗಳಿಗೆ ವಿಂಡೋಸ್ ತನ್ನದೇ ಡ್ರೈವರ್ ಕೊಡಲು ಶುರು ಮಾಡಿದ್ದು 2017ರಲ್ಲಿ, ವಿಂಡೋಸ್ 10ರ 1703ನೇ ಆವೃತ್ತಿಯಿಂದ. ಅದಕ್ಕಿಂತ ಹಳೆಯ ವಿಂಡೋಸ್ ಇದ್ದರೆ ಅಂತಹ ಆಂಪ್‌ಗೆ ತಯಾರಕರ ಡ್ರೈವರ್ ಬೇಕೇ ಬೇಕು.

ಮ್ಯಾಕ್‌ನಲ್ಲಿ ಸಾಮಾನ್ಯವಾಗಿ ಡ್ರೈವರ್ ಅಗತ್ಯವಿಲ್ಲ. ‘ಆಡಿಯೊ ಮಿಡಿ ಸೆಟಪ್’ ತೆರೆಯಿರಿ. ಎಡಗಡೆಯ ಪಟ್ಟಿಯಲ್ಲಿ ಆಂಪ್‌ನ ಹೆಸರು ಇರಬೇಕು, ಅದರಡಿ ಇನ್‌ಪುಟ್ ಸಂಖ್ಯೆ ಸೊನ್ನೆಗಿಂತ ಹೆಚ್ಚಿರಬೇಕು. ಇನ್‌ಪುಟ್ ಸೊನ್ನೆ ಎಂದಿದ್ದರೆ ಆ ಆಂಪ್ ಸದ್ದನ್ನು ಪಡೆಯಬಲ್ಲದು, ಕಳುಹಿಸಲಾರದು. ಆಪಲ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಹೊಸ ಸಾಧನ ಸಿಕ್ಕಿಸಿದಾಗ ಅದನ್ನು ಜೋಡಿಸಲು ಅನುಮತಿ ಕೇಳುವ ಕಿಟಕಿ ಬರುತ್ತದೆ. ಅದನ್ನು ಗಮನಿಸದೆ ಮುಚ್ಚಿದ್ದರೆ ಆಂಪ್‌ಗೆ ವಿದ್ಯುತ್ ಸಂಪರ್ಕವಷ್ಟೇ ಇರುತ್ತದೆ, ಡೇಟಾ ಹರಿಯುವುದಿಲ್ಲ.

ಮೊಬೈಲ್‌ಗೆ ರೆಕಾರ್ಡ್ ಮಾಡುವವರಿಗೆ ಒಂದು ಮಾತು: ಆಂಡ್ರಾಯ್ಡ್‌ನಲ್ಲಿ ಓಟಿಜಿ ಅಡಾಪ್ಟರ್ (ಮೊಬೈಲ್‌ಗೆ ಯುಎಸ್‌ಬಿ ಸಾಧನ ಜೋಡಿಸುವ ತುಂಡು), ಲೈಟ್ನಿಂಗ್ ಕಿಂಡಿಯ ಐಫೋನ್‌ನಲ್ಲಿ ಯುಎಸ್‌ಬಿ ಕ್ಯಾಮೆರಾ ಅಡಾಪ್ಟರ್ ಬೇಕು. ಉಳಿದದ್ದೆಲ್ಲ ಇದೇ ತರ್ಕ.

ಹಂತ 5: ಮೈಕ್ರೊಫೋನ್ ಅನುಮತಿ

ಇಷ್ಟೆಲ್ಲ ಸರಿಯಿದ್ದೂ ಗೆರೆ ಚಪ್ಪಟೆಯಾಗಿಯೇ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನು. ಆಪರೇಟಿಂಗ್ ಸಿಸ್ಟಂನ ಕಣ್ಣಿಗೆ ನಿಮ್ಮ ಆಂಪ್ ಒಂದು ಮೈಕ್ರೊಫೋನ್. ಅನುಮತಿ ಇಲ್ಲದ ತಂತ್ರಾಂಶಕ್ಕೆ ಅದು ದೋಷದ ಸೂಚನೆಯನ್ನೇ ಕೊಡದೆ ಮೌನವನ್ನು ಒಪ್ಪಿಸಬಹುದು. ಸಾಧನದ ಹೆಸರು ಕಾಣಿಸುತ್ತದೆ, ರೆಕಾರ್ಡಿಂಗ್ ಓಡುತ್ತದೆ, ಸದ್ದು ಮಾತ್ರ ಇರುವುದಿಲ್ಲ. ಜನ ದಿನಗಟ್ಟಲೆ ಡ್ರೈವರ್ ಬದಲಿಸುತ್ತಾ ಕೂರುವುದು ಇದರಿಂದಲೇ.

ವಿಂಡೋಸ್ 11ರಲ್ಲಿ ‘ಸೆಟ್ಟಿಂಗ್ಸ್’, ‘ಪ್ರೈವಸಿ ಅಂಡ್ ಸೆಕ್ಯುರಿಟಿ’, ‘ಮೈಕ್ರೊಫೋನ್’ ಎಂದು ಹೋಗಿ. ಮೇಲಿನ ಮುಖ್ಯ ಸ್ವಿಚ್ ಜೊತೆಗೆ ಕೆಳಗಿರುವ ಡೆಸ್ಕ್‌ಟಾಪ್ ಆ್ಯಪ್‌ಗಳ ಸ್ವಿಚ್ ಕೂಡ ಆನ್ ಆಗಿರಬೇಕು. ರೆಕಾರ್ಡಿಂಗ್ ತಂತ್ರಾಂಶಗಳು ಬಹುತೇಕ ಆ ಗುಂಪಿಗೇ ಸೇರುತ್ತವೆ. ಮ್ಯಾಕ್‌ನಲ್ಲಿ 2018ರ ಮೊಹಾವೆ ಆವೃತ್ತಿಯಿಂದ ಈಚೆಗೆ ಪ್ರತಿಯೊಂದು ತಂತ್ರಾಂಶಕ್ಕೂ ಬೇರೆ ಬೇರೆ ಅನುಮತಿ ಬೇಕು. ‘ಪ್ರೈವಸಿ ಅಂಡ್ ಸೆಕ್ಯುರಿಟಿ’ ಒಳಗಿನ ‘ಮೈಕ್ರೊಫೋನ್’ ಪಟ್ಟಿಯಲ್ಲಿ ನಿಮ್ಮ ತಂತ್ರಾಂಶವನ್ನು ಆನ್ ಮಾಡಿ, ತಂತ್ರಾಂಶವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ.

ಹಂತ 6: ಸರಳ ತಂತ್ರಾಂಶದಲ್ಲಿ ಮೊದಲ ಪರೀಕ್ಷೆ

ದೊಡ್ಡ ತಂತ್ರಾಂಶಕ್ಕೆ ಈಗಲೇ ಹೋಗಬೇಡಿ. ಅದರಲ್ಲಿ ಸದ್ದು ತಪ್ಪಿಸಿಕೊಳ್ಳಲು ಹತ್ತಾರು ಬಾಗಿಲುಗಳಿವೆ. ಆಡಾಸಿಟಿ ತೆರೆದು, ರೆಕಾರ್ಡಿಂಗ್ ಸಾಧನವಾಗಿ ಆಂಪ್‌ನ ಹೆಸರನ್ನು ಆರಿಸಿ. ಲ್ಯಾಪ್‌ಟಾಪ್‌ನ ಸ್ವಂತ ಮೈಕ್ರೊಫೋನ್ ಆಯ್ಕೆಯಾಗಿ ಉಳಿದಿರುವುದು ಪದೇ ಪದೇ ಕಾಣುವ ತಪ್ಪು. ಅದರ ಲಕ್ಷಣ ಗುರುತಿಸುವುದು ಸುಲಭ: ಕೋಣೆಯ ಮಾತು, ಫ್ಯಾನಿನ ಸದ್ದು ಕೂಡ ರೆಕಾರ್ಡ್ ಆಗಿರುತ್ತದೆ. ಅನುಮಾನವಿದ್ದರೆ ಆಂಪ್‌ನ ಸ್ಪೀಕರ್ ಮೌನಗೊಳಿಸಿ ಬೇಸ್ ನುಡಿಸಿ. ಆಗಲೂ ಅಲೆ ಬಂದರೆ ಸದ್ದು ಯುಎಸ್‌ಬಿಯಿಂದಲೇ ಬರುತ್ತಿದೆ.

ಈ ಪರೀಕ್ಷೆಗೆ ಒಂದು ಎಚ್ಚರಿಕೆ. ಕೆಲವು ಆಂಪ್‌ಗಳಲ್ಲಿ ಮಾಸ್ಟರ್ ವಾಲ್ಯೂಮ್ ಇಳಿಸಿದರೆ ಯುಎಸ್‌ಬಿಗೆ ಹೋಗುವ ಸದ್ದೂ ಇಳಿಯುತ್ತದೆ, ಕೆಲವದರಲ್ಲಿ ಇಳಿಯುವುದಿಲ್ಲ. ಹಾಗಾಗಿ ಮೌನಗೊಳಿಸಲು ಆಂಪ್‌ನ ಹೆಡ್‌ಫೋನ್ ಕಿಂಡಿಗೆ ಹೆಡ್‌ಫೋನ್ ಸಿಕ್ಕಿಸಿ, ಮಾಸ್ಟರ್ ಅನ್ನು ಕಾಲು ಭಾಗದಲ್ಲಿಡಿ. ಆಮೇಲೆ ಮಾಸ್ಟರ್ ತಿರುಗಿಸುತ್ತಾ ಅಲೆಯ ಎತ್ತರ ಬದಲಾಗುತ್ತದೆಯೇ ನೋಡಿ, ಉತ್ತರವನ್ನು ಬರೆದಿಟ್ಟುಕೊಳ್ಳಿ. ಮುಂದೆ ಪ್ರತಿಯೊಂದು ರೆಕಾರ್ಡಿಂಗ್‌ನಲ್ಲೂ ಇದು ನೆರವಿಗೆ ಬರುತ್ತದೆ.

ಇಲ್ಲಿ ಅಲೆ ಬಂದರೆ ಆಂಪ್, ಕೇಬಲ್, ಪೋರ್ಟ್ ಮೂರೂ ಸರಿಯಿವೆ. ಇನ್ನುಳಿದದ್ದೆಲ್ಲ ತಂತ್ರಾಂಶದ ಒಳಗಿನ ವಿಚಾರ.

ಹಂತ 7: ಮುಖ್ಯ ತಂತ್ರಾಂಶದಲ್ಲಿ ಸಾಧನ, ಡ್ರೈವರ್, ಟ್ರ್ಯಾಕ್

ರೀಪರ್, ಕ್ಯೂಬೇಸ್, ಎಬಲ್ಟನ್ ಲೈವ್, ಗ್ಯಾರೇಜ್‌ಬ್ಯಾಂಡ್ ಯಾವುದೇ ಆಗಲಿ, ಆಡಿಯೊ ಸಾಧನವನ್ನು ಆರಿಸುವುದು ಒಂದು ಕಡೆ, ಟ್ರ್ಯಾಕ್‌ಗೆ ಇನ್‌ಪುಟ್ ಆರಿಸುವುದು ಇನ್ನೊಂದು ಕಡೆ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುವುದು ಸಾಮಾನ್ಯ. ಟ್ರ್ಯಾಕ್‌ಗೆ ‘ಮೊನೊ ಇನ್‌ಪುಟ್ 1’ ಕೊಡಿ, ರೆಕಾರ್ಡ್‌ಗೆ ಸಜ್ಜುಗೊಳಿಸುವ ಕೆಂಪು ಗುಂಡಿ ಒತ್ತಿ, ತಂತಿ ಮೀಟಿ ಮೀಟರ್ ನೋಡಿ. ಏನೂ ಬಾರದಿದ್ದರೆ ಇನ್‌ಪುಟ್ 2 ನೋಡಿ. ಒಂದು ಚಾನೆಲ್‌ನಲ್ಲಿ ಟೋನ್ ಸೇರಿದ ಸದ್ದನ್ನೂ ಇನ್ನೊಂದರಲ್ಲಿ ಗಿಟಾರ್‌ನ ಹಸಿ ಸದ್ದನ್ನೂ ಕಳುಹಿಸುವ ಆಂಪ್‌ಗಳಿವೆ. ಅಂತಹದನ್ನು ಸ್ಟೀರಿಯೊ ಎಂದು ರೆಕಾರ್ಡ್ ಮಾಡಿದರೆ ಎಡಕಿವಿಗೊಂದು ಬಲಕಿವಿಗೊಂದು ಸದ್ದು ಬರುತ್ತದೆ. ಎರಡನ್ನೂ ಬೇರೆ ಬೇರೆ ಮೊನೊ ಟ್ರ್ಯಾಕ್‌ಗಳಿಗೆ ಕೊಡಿ.

ವಿಂಡೋಸ್‌ನಲ್ಲಿ ತಯಾರಕರ ಏಷಿಯೋ (ASIO, ಕಡಿಮೆ ತಡದ ರೆಕಾರ್ಡಿಂಗ್‌ಗಾಗಿ ಮಾಡಿದ ಬಗೆ) ಡ್ರೈವರ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ವಿಂಡೋಸ್‌ನದೇ ಆದ ‘ವಾಸಾಪಿ’ (WASAPI) ಆಯ್ಕೆಯನ್ನು ಪ್ರಯತ್ನಿಸಿ; ಅದೂ ತೃಪ್ತಿ ಕೊಡದಿದ್ದರೆ ಏಷಿಯೋ4ಆಲ್ ಎಂಬ ಸಾಮಾನ್ಯ ಡ್ರೈವರ್ ಇದೆ. ಏಷಿಯೋ4ಆಲ್ ಹಾಕಿದವರು ಅದರ ಫಲಕವನ್ನು ತೆರೆದು ಆಂಪ್ ಒಂದನ್ನೇ ಆನ್ ಮಾಡಿ, ಉಳಿದ ಸೌಂಡ್ ಕಾರ್ಡ್‌ಗಳನ್ನು ಆಫ್ ಮಾಡಬೇಕು. ಫಲಕ ತೆರೆಯದೇ ‘ಹಾಕಿದರೂ ಸದ್ದಿಲ್ಲ’ ಎನ್ನುವವರೇ ಹೆಚ್ಚು.

ಸಾಧನ ಬಳಕೆಯಲ್ಲಿದೆ ಎಂಬ ಸಂದೇಶ ಬಂದರೆ ಬ್ರೌಸರ್, ವಿಡಿಯೊ ಕರೆಯ ತಂತ್ರಾಂಶ, ಆಂಪ್‌ನ ಟೋನ್ ಬದಲಿಸುವ ತಂತ್ರಾಂಶ ಎಲ್ಲವನ್ನೂ ಮುಚ್ಚಿ. ಆಂಪ್ ಅನ್ನು ಒಂದು ತಂತ್ರಾಂಶ ಪೂರ್ತಿಯಾಗಿ ಹಿಡಿದುಕೊಂಡರೆ ಮತ್ತೊಂದಕ್ಕೆ ಅದು ಸಿಗುವುದಿಲ್ಲ.

ಹಂತ 8: ಮಟ್ಟ, ಮತ್ತು ಬೇಸ್‌ಗೆ ಮಾತ್ರ ಎದುರಾಗುವ ಎರಡು ಮೋಸಗಳು

ನೀವು ನುಡಿಸಬಲ್ಲಷ್ಟು ಜೋರಾಗಿ ನುಡಿಸಿದಾಗ ಮೀಟರ್‌ನ ತುದಿ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ನಿಲ್ಲಬೇಕು. ಡಿಜಿಟಲ್‌ನಲ್ಲಿ ಸೊನ್ನೆಯೇ ಛಾವಣಿ. ಅದನ್ನು ಮುಟ್ಟಿದ ಅಲೆ ಕತ್ತರಿಸಿಹೋಗುತ್ತದೆ, ಆಮೇಲೆ ವಾಲ್ಯೂಮ್ ಇಳಿಸಿದರೂ ಕತ್ತರಿಸಿದ್ದು ಮರಳಿ ಬರುವುದಿಲ್ಲ. ಮೀಟರ್ ಕೆಂಪಾಗದಿದ್ದರೂ ಸದ್ದು ಬಿರಿಯುತ್ತಿದ್ದರೆ, ಬಿರುಕು ಆಂಪ್‌ನ ಒಳಗೇ, ಯುಎಸ್‌ಬಿಗಿಂತ ಮೊದಲೇ ಆಗುತ್ತಿದೆ. ಗೇನ್ ನಾಬ್ (ಒಳಬರುವ ಸದ್ದಿನ ಮಟ್ಟ ಏರಿಸಿ ಇಳಿಸುವ ಗುಂಡಿ) ಇಳಿಸಿ. ಬೆರಳಿನ ನುಡಿಸಾಟಕ್ಕೂ ಸ್ಲ್ಯಾಪ್‌ಗೂ (ಹೆಬ್ಬೆರಳಿನಿಂದ ತಂತಿಗೆ ಹೊಡೆದು ನುಡಿಸುವ ಶೈಲಿ) ಮಟ್ಟ ಬಹಳ ಬೇರೆಯಾದ್ದರಿಂದ, ಹಾಡಿನಲ್ಲಿ ಎರಡೂ ಇದ್ದರೆ ಸ್ಲ್ಯಾಪ್‌ಗೆ ಅನುಗುಣವಾಗಿ ಗೇನ್ ಇಡಿ.

ಈಗ ಮೊದಲ ಮೋಸ. ‘ರೆಕಾರ್ಡಿಂಗ್‌ನಲ್ಲಿ ಬೇಸ್ ತೆಳುವಾಗಿದೆ, ಕೇಳಿಸುತ್ತಲೇ ಇಲ್ಲ’ ಎನ್ನುವ ದೂರುಗಳಲ್ಲಿ ಬಹಳಷ್ಟು ರೆಕಾರ್ಡಿಂಗ್‌ನ ದೋಷವೇ ಅಲ್ಲ. ಬೇಸ್‌ನ ದಪ್ಪ ಇ ತಂತಿಯ ಮೂಲ ಸ್ವರ ಸುಮಾರು 41 ಹರ್ಟ್ಸ್. ಐದು ತಂತಿಯ ಬೇಸ್‌ನ ಬಿ ತಂತಿಯದು ಸುಮಾರು 31. ಲ್ಯಾಪ್‌ಟಾಪ್‌ನ ಪುಟ್ಟ ಸ್ಪೀಕರ್‌ಗಳಿಗೆ ಅಷ್ಟು ಕೆಳಗಿನ ಕಂಪನವನ್ನು ಹೊರಡಿಸುವ ಶಕ್ತಿ ಇಲ್ಲ. ಅವುಗಳಲ್ಲಿ ಕೇಳಿಕೊಂಡು ಗೇನ್ ಏರಿಸುತ್ತಾ ಹೋದರೆ ಒಳ್ಳೆಯ ರೆಕಾರ್ಡಿಂಗ್ ಹಾಳಾಗುತ್ತದೆ. ತಂತಿ ಇರುವ ಹೆಡ್‌ಫೋನ್‌ನಲ್ಲಿ ಕೇಳಿ, ಅಲೆಯ ಎತ್ತರವನ್ನು ಕಣ್ಣಿನಿಂದ ನೋಡಿ. ಇವೆರಡನ್ನೂ ಮಾಡದೆ ತೀರ್ಪು ಕೊಡಬೇಡಿ.

ಎರಡನೆಯದು ಇನ್ನೂ ಕಪಟ. ಮೊದಲ ಕ್ಷಣ ಸ್ವರ ಚೆನ್ನಾಗಿ ಬರುತ್ತದೆ, ಆಮೇಲೆ ಯಾರೋ ಹಿಂದಿನಿಂದ ವಾಲ್ಯೂಮ್ ಇಳಿಸಿದಂತೆ ಕರಗುತ್ತದೆ. ಹೊಸ ಸ್ವರ ಮೀಟಿದರೆ ಮತ್ತೆ ಬರುತ್ತದೆ. ಆಂಪ್‌ನಲ್ಲಿ ಮಾತ್ರ ಸ್ವರ ಉದ್ದಕ್ಕೆ ನಿಂತಿರುತ್ತದೆ. ಇದು ಕಂಪ್ಯೂಟರ್ ನಿಮ್ಮ ಬೇಸ್ ಅನ್ನು ಗದ್ದಲ ಎಂದು ತಿಳಿದು ಅಳಿಸುತ್ತಿರುವ ಲಕ್ಷಣ. ಮಾತಿನ ಧ್ವನಿಗಾಗಿ ಮಾಡಿದ ಗದ್ದಲ ನಿವಾರಣೆಗೆ, ಏರಿಳಿತವಿಲ್ಲದೆ ನಿಂತಿರುವ ಕೆಳಸ್ವರ ಎಂದರೆ ಯಂತ್ರದ ಗುಂಯ್‌ಕಾರವೇ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಆಂಪ್‌ನ ಇನ್‌ಪುಟ್ ತೆರೆದು ‘ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್’ ಆಫ್ ಮಾಡಿ. ವಿಡಿಯೊ ಕರೆಯಲ್ಲಿ ಪಾಠ ಕಲಿಯುವವರು ಅಲ್ಲಿನ ಗದ್ದಲ ನಿವಾರಣೆಯನ್ನೂ ಆಫ್ ಮಾಡಬೇಕು. ಯಾವ ಕೇಬಲ್ ಬದಲಿಸಿದರೂ, ಯಾವ ಆಂಪ್ ತಂದರೂ ಈ ತೊಂದರೆ ಹೋಗುವುದಿಲ್ಲ. ಒಂದು ಸ್ವಿಚ್‌ನಿಂದ ಹೋಗುತ್ತದೆ.

ಇನ್ನೊಂದು: ಸ್ಪೀಕರ್‌ನಲ್ಲಿ ದುಂಡಾಗಿ ಕೇಳುವ ಸದ್ದು ರೆಕಾರ್ಡಿಂಗ್‌ನಲ್ಲಿ ಕರ್ಕಶವಾಗಿ, ತಂತಿಯ ಕಿಣಿಕಿಣಿ ಹೆಚ್ಚಾಗಿ ಕೇಳಿದರೆ ಗಾಬರಿಯಾಗಬೇಡಿ. ಯುಎಸ್‌ಬಿ ಸದ್ದು ಸ್ಪೀಕರ್ ಪೆಟ್ಟಿಗೆಯನ್ನು ದಾಟಿ ಬಂದದ್ದಲ್ಲ. ಆಂಪ್‌ನಲ್ಲಿ ಕ್ಯಾಬಿನೆಟ್ ಅನುಕರಣೆಯ ಸ್ವಿಚ್ ಇದ್ದರೆ ಹಾಕಿ, ಇಲ್ಲದಿದ್ದರೆ ತಂತ್ರಾಂಶದಲ್ಲಿ ಸೇರಿಸಿಕೊಳ್ಳಿ.

ಹಂತ 9: ಸ್ಯಾಂಪಲ್ ರೇಟ್

ರೆಕಾರ್ಡ್ ಮಾಡಿದ ಬೇಸ್ ನಿಧಾನವಾಗಿ, ಶ್ರುತಿ ಇಳಿದಂತೆ ಅಥವಾ ವೇಗವಾಗಿ, ಶ್ರುತಿ ಏರಿದಂತೆ ಕೇಳುತ್ತದೆಯೇ? 44,100 ಮತ್ತು 48,000ದ ಗೊಂದಲ ಅದು. ಒಂದರಲ್ಲಿ ದಾಖಲಾದದ್ದನ್ನು ಇನ್ನೊಂದರಲ್ಲಿ ನುಡಿಸಿದರೆ ಶ್ರುತಿ ಸುಮಾರು ಒಂದೂವರೆ ಸೆಮಿಟೋನ್‌ನಷ್ಟು ಸರಿಯುತ್ತದೆ. ಟಿಕ್ ಟಿಕ್ ಸದ್ದು ಒಂದೇ ಲಯದಲ್ಲಿ ಬರುತ್ತಿದ್ದರೂ ಇದನ್ನೇ ಅನುಮಾನಿಸಿ.

ಮೂರು ಕಡೆ ಒಂದೇ ಸಂಖ್ಯೆ ಇರಬೇಕು: ಕೈಪಿಡಿ ಹೇಳುವ ಆಂಪ್‌ನ ರೇಟ್, ಆಪರೇಟಿಂಗ್ ಸಿಸ್ಟಂನಲ್ಲಿ ಆಂಪ್‌ಗೆ ಇಟ್ಟಿರುವ ರೇಟ್, ರೆಕಾರ್ಡಿಂಗ್ ತಂತ್ರಾಂಶದ ಪ್ರಾಜೆಕ್ಟ್ ರೇಟ್. ಆಂಪ್ ಒಂದೇ ರೇಟ್‌ನಲ್ಲಿ ಕೆಲಸ ಮಾಡುವುದಾದರೆ ಉಳಿದೆರಡು ಅದಕ್ಕೆ ಹೊಂದಿಕೊಳ್ಳಬೇಕು. ಹಾಡಿನ ಮಧ್ಯೆ ಪ್ರಾಜೆಕ್ಟ್ ರೇಟ್ ಬದಲಿಸಬೇಡಿ. ಹೊಸ ಪ್ರಾಜೆಕ್ಟ್ ತೆರೆದು ಶುರುಮಾಡಿ.

ಹಂತ 10: ತಡವಾಗಿ ಬರುವ ಸದ್ದು, ಎರಡೆರಡಾಗಿ ಬರುವ ಸದ್ದು

ತಂತಿ ಮೀಟಿದ ಮೇಲೆ ಸದ್ದು ತಡವಾಗಿ ಬಂದರೆ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಂಡು ಸಾಗಿಸುವ ಸದ್ದಿನ ತುಂಡು) ಗಾತ್ರ ದೊಡ್ಡದಿದೆ. 44,100ರ ರೇಟ್‌ನಲ್ಲಿ 128 ಸ್ಯಾಂಪಲ್‌ಗಳ ಬಫರ್ ಎಂದರೆ ಸುಮಾರು 2.9 ಮಿಲಿಸೆಕೆಂಡ್, 512 ಎಂದರೆ ಸುಮಾರು 11.6, 1024 ಎಂದರೆ ಸುಮಾರು 23. ಸದ್ದು ಒಳಬರುವಾಗಲೂ ಹೊರಹೋಗುವಾಗಲೂ ಈ ತಡ ಸೇರುವುದರಿಂದ ಒಟ್ಟು ಇದರ ಎರಡರಷ್ಟಕ್ಕಿಂತ ಹೆಚ್ಚೇ ಆಗುತ್ತದೆ. ರೆಕಾರ್ಡ್ ಮಾಡುವಾಗ 128 ಅಥವಾ 256 ಇಡಿ. ಪಟಪಟ ಸದ್ದು, ನಡುನಡುವೆ ತುಂಡಾಗುವಿಕೆ ಶುರುವಾದರೆ ಒಂದು ಮೆಟ್ಟಿಲು ಏರಿಸಿ. ಏರಿಸಿದರೂ ನಿಲ್ಲದಿದ್ದರೆ ವೈಫೈ ಆಫ್ ಮಾಡಿ, ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿಯನ್ನು ನಿದ್ರೆಗೆ ಕಳುಹಿಸುವ ಆಯ್ಕೆಯನ್ನು ತೆಗೆಯಿರಿ.

ಆದರೆ ಆಂಪ್‌ನಿಂದ ರೆಕಾರ್ಡ್ ಮಾಡುವವರಿಗೆ ತಡದ ಚಿಂತೆ ಬಹುತೇಕ ಬೇಡವೇ ಬೇಡ. ನಿಮ್ಮ ಸದ್ದನ್ನು ಆಂಪ್ ತಾನೇ ನೇರವಾಗಿ ಕೇಳಿಸುತ್ತಿದೆ. ತಂತ್ರಾಂಶದಲ್ಲಿ ಆ ಟ್ರ್ಯಾಕ್‌ನ ಮಾನಿಟರಿಂಗ್ (ಒಳಬಂದ ಸದ್ದನ್ನು ಮತ್ತೆ ಕೇಳಿಸುವ ಆಯ್ಕೆ) ಆಫ್ ಮಾಡಿದರೆ ಮುಗಿಯಿತು. ಅದನ್ನು ಆನ್ ಇಟ್ಟಾಗಲೇ ನೇರ ಸದ್ದು ಒಂದು, ಕಂಪ್ಯೂಟರ್ ಸುತ್ತಿ ಬಂದ ಸದ್ದು ಇನ್ನೊಂದು ಎರಡೂ ಬೆರೆತು, ಡಬ್ಬದೊಳಗಿಂದ ಬಂದಂತೆ ಟೊಳ್ಳಾಗಿ ಕೇಳಿಸುತ್ತದೆ.

ಇನ್ನೊಂದು ಪರೀಕ್ಷೆ ಮಾಡಲೇಬೇಕು. ಹಿನ್ನೆಲೆ ಸಂಗೀತವನ್ನು ಆಂಪ್ ಮೂಲಕ ನುಡಿಸುತ್ತಾ, ಗಿಟಾರ್ ಮುಟ್ಟದೆ ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿ. ಹಿನ್ನೆಲೆ ಸಂಗೀತ ಬೇಸ್ ಟ್ರ್ಯಾಕ್‌ನಲ್ಲಿ ಕಾಣಿಸಿಕೊಂಡರೆ, ಕಂಪ್ಯೂಟರ್‌ನಿಂದ ಬಂದದ್ದನ್ನು ಆಂಪ್ ಮತ್ತೆ ಕಂಪ್ಯೂಟರ್‌ಗೆ ಕಳುಹಿಸುತ್ತಿದೆ. ‘ಲೂಪ್‌ಬ್ಯಾಕ್’ ಸ್ವಿಚ್ ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ಹಿನ್ನೆಲೆ ಸಂಗೀತವನ್ನು ಕಂಪ್ಯೂಟರ್‌ನ ಹೆಡ್‌ಫೋನ್ ಕಿಂಡಿಯಿಂದ ಕೇಳಿ. ಮ್ಯಾಕ್‌ನಲ್ಲಿ ಇನ್‌ಪುಟ್ ಮತ್ತು ಔಟ್‌ಪುಟ್ ಬೇರೆ ಬೇರೆ ಸಾಧನಗಳಾಗಿ ಇಡಬಹುದು. ಏಷಿಯೋ ಬಳಸುವಾಗ ಸಾಮಾನ್ಯವಾಗಿ ಎರಡೂ ಒಂದೇ ಸಾಧನವಾಗಿರುತ್ತವೆ. ಲೂಪ್‌ಬ್ಯಾಕ್ ಇದ್ದು ಮಾನಿಟರಿಂಗ್ ಕೂಡ ಆನ್ ಆದರೆ ಕಿವಿಗಡಚಿಕ್ಕುವ ಕೂಗು ಶುರುವಾಗುತ್ತದೆ. ಆಗ ಮೊದಲು ಕೈ ಹೋಗಬೇಕಾದದ್ದು ಆಂಪ್‌ನ ವಾಲ್ಯೂಮ್‌ಗೆ, ಮೌಸ್‌ಗಲ್ಲ.

ಹಂತ 11: ಗುಂಯ್‌ಕಾರ ಮತ್ತು ಕೀರಲು ಸದ್ದು

ಗದ್ದಲದ ಸ್ವರವೇ ಅದರ ಮೂಲವನ್ನು ಹೇಳುತ್ತದೆ. ಕೆಳದನಿಯ ಗುಂಯ್‌ಕಾರ 50 ಅಥವಾ 60 ಹರ್ಟ್ಸ್‌ನದಾದರೆ ಮನೆಯ ವಿದ್ಯುತ್ತಿನದು. ಗಿಟಾರ್‌ನ ತಂತಿ ಮುಟ್ಟಿದಾಗ ಕಡಿಮೆಯಾದರೆ ಅಥವಾ ನೀವು ತಿರುಗಿ ಕುಳಿತಾಗ ಬದಲಾದರೆ ಅದು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಗಿಟಾರ್‌ನ ಭಾಗ) ಹಿಡಿಯುತ್ತಿರುವ ಗದ್ದಲ, ಯುಎಸ್‌ಬಿಗೆ ಸಂಬಂಧವಿಲ್ಲ. ತೆಳ್ಳಗಿನ, ಕೀರಲಾದ, ಮೌಸ್ ಕದಲಿಸಿದಾಗ ಬದಲಾಗುವ ಸದ್ದಾದರೆ ಕಂಪ್ಯೂಟರ್‌ನದು. ಯುಎಸ್‌ಬಿ ಸೆಕೆಂಡಿಗೆ 1000 ಅಥವಾ 8000 ಸಲ ಡೇಟಾ ಕಳುಹಿಸುವ ಲಯದಲ್ಲಿ ನಡೆಯುವುದರಿಂದ 1 ಅಥವಾ 8 ಕಿಲೋಹರ್ಟ್ಸ್‌ನ ಕೀರಲು ಸದ್ದು ಅದರ ಸಹಿ.

ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ ನೋಡಿ. ಸದ್ದು ನಿಂತರೆ ಗ್ರೌಂಡ್ ಲೂಪ್, ಎಂದರೆ ಎರಡು ಸಾಧನಗಳ ಗ್ರೌಂಡ್‌ಗಳ ನಡುವೆ ಸುತ್ತುವ ವಿದ್ಯುತ್, ಇರುವ ಸಾಧ್ಯತೆ ಹೆಚ್ಚು. ಆಂಪ್ ಮತ್ತು ಕಂಪ್ಯೂಟರ್ ಎರಡನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ಹಾಕಿ. ಆಗಲೂ ಉಳಿದರೆ ಯುಎಸ್‌ಬಿ ಐಸೊಲೇಟರ್ (ಎರಡು ಸಾಧನಗಳ ವಿದ್ಯುತ್ ಸಂಪರ್ಕ ಬೇರ್ಪಡಿಸಿ ಡೇಟಾ ಮಾತ್ರ ಸಾಗಿಸುವ ಸಾಧನ) ನೆರವಾಗುತ್ತದೆ, ಆದರೆ ಕೊಳ್ಳುವ ಮೊದಲು ಅದರ ವೇಗ ನೋಡಿ: ಸೆಕೆಂಡಿಗೆ 12 ಮೆಗಾಬಿಟ್‌ನ ಐಸೊಲೇಟರ್, ಅದಕ್ಕಿಂತ ವೇಗದ ‘ಹೈ ಸ್ಪೀಡ್’ ಯುಎಸ್‌ಬಿ ಬೇಡುವ ಆಂಪ್‌ಗೆ ಸಾಲುವುದಿಲ್ಲ.

ಆಂಪ್‌ನ ಪ್ಲಗ್‌ನಿಂದ ಅರ್ಥ್ ಪಿನ್ ತೆಗೆಯುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ. ಗುಂಯ್‌ಕಾರ ನಿಲ್ಲಬಹುದು. ಆದರೆ ಒಳಗೆ ಏನಾದರೂ ಕೆಟ್ಟ ದಿನ ಆ ವಿದ್ಯುತ್ ಹರಿಯುವುದು ನಿಮ್ಮ ಕೈಯಲ್ಲಿರುವ ತಂತಿಗಳ ಮೂಲಕ. ಇದು ಪ್ರಾಣದ ವಿಷಯ.

ಕೆಲಸ ನಿಲ್ಲಿಸಬೇಕಾದ ಸೂಚನೆಗಳು

ಯುಎಸ್‌ಬಿ ಕಿಂಡಿ ಅಲ್ಲಾಡುತ್ತಿದ್ದರೆ, ಪ್ಲಗ್ ಕದಲಿಸಿದಾಗ ಮಾತ್ರ ಸಾಧನ ಬಂದುಹೋಗುತ್ತಿದ್ದರೆ, ಕಂಪ್ಯೂಟರ್ ‘ಪೋರ್ಟ್‌ನಲ್ಲಿ ವಿದ್ಯುತ್ ಏರಿಕೆ’ ಎಂದು ಎಚ್ಚರಿಸಿದರೆ, ಕಿಂಡಿಯ ಹತ್ತಿರ ಬಿಸಿ ಅಥವಾ ಸುಟ್ಟ ವಾಸನೆ ಬಂದರೆ ಕೂಡಲೇ ತೆಗೆಯಿರಿ. ಗಿಟಾರ್ ಮುಟ್ಟಿದಾಗ ಜುಮ್ಮೆಂದರೂ ಅಷ್ಟೇ. ಫರ್ಮ್‌ವೇರ್ ನವೀಕರಣ ನಡೆಯುತ್ತಿರುವಾಗ ಮಾತ್ರ ಯಾವ ಕಾರಣಕ್ಕೂ ಕೇಬಲ್ ಕೀಳಬೇಡಿ, ಆಂಪ್ ಆಫ್ ಮಾಡಬೇಡಿ.

ಸ್ಪೀಕರ್‌ಗೆ ಶಕ್ತಿ ಕೊಡುವ ಭಾಗದಲ್ಲಿ ವಾಲ್ವ್‌ಗಳು (ಗಾಜಿನ ಟ್ಯೂಬ್‌ಗಳು) ಇರುವ ಆಂಪ್ ಆದರೆ, ಸದ್ದು ಬೇಡವೆಂದು ಸ್ಪೀಕರ್ ಕೇಬಲ್ ತೆಗೆದು ರೆಕಾರ್ಡ್ ಮಾಡಬೇಡಿ. ಸ್ಪೀಕರ್ ಎಂಬ ಭಾರ (ಲೋಡ್) ಇಲ್ಲದೆ ಓಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು.

ಹಂತ 12: ಯುಎಸ್‌ಬಿ ಕೈಕೊಟ್ಟರೆ

ಬೇರೆ ಕಂಪ್ಯೂಟರ್‌ನಲ್ಲಿ, ಬೇರೆ ಕೇಬಲ್‌ನಲ್ಲಿ ಕೂಡ ಆಂಪ್ ಕಾಣಿಸದಿದ್ದರೆ ದೋಷ ಆಂಪ್‌ನ ಒಳಗಿದೆ. ಅದನ್ನು ದುರಸ್ತಿಗೆ ಕಳುಹಿಸಿ. ಅಲ್ಲಿಯವರೆಗೆ ರೆಕಾರ್ಡಿಂಗ್ ನಿಲ್ಲಬೇಕಿಲ್ಲ. ಆಂಪ್‌ನ ಹಿಂದೆ ಮೂರು ಪಿನ್‌ಗಳ ಡಿಐ ಔಟ್ (ಮಿಕ್ಸರ್‌ಗೋ ರೆಕಾರ್ಡಿಂಗ್‌ಗೋ ನೇರವಾಗಿ ಸದ್ದು ಕೊಡುವ ಕಿಂಡಿ) ಇದ್ದರೆ ಅದನ್ನು ಎಕ್ಸ್‌ಎಲ್‌ಆರ್ ಕೇಬಲ್‌ನಿಂದ ಒಂದು ಆಡಿಯೊ ಇಂಟರ್‌ಫೇಸ್‌ಗೆ (ಸದ್ದನ್ನು ಕಂಪ್ಯೂಟರ್‌ಗೆ ಸೇರಿಸುವ ಪ್ರತ್ಯೇಕ ಪೆಟ್ಟಿಗೆ) ಜೋಡಿಸಿ. ಇಂಟರ್‌ಫೇಸ್‌ನ 48 ವೋಲ್ಟ್ ಫ್ಯಾಂಟಮ್ ಪವರ್ (ಕೆಲವು ಮೈಕ್ರೊಫೋನ್‌ಗಳಿಗೆ ಕೇಬಲ್ ಮೂಲಕವೇ ಕೊಡುವ ವಿದ್ಯುತ್) ಆಫ್ ಇರಲಿ. ಗುಂಯ್‌ಕಾರ ಬಂದರೆ ಡಿಐ ಪಕ್ಕದ ‘ಗ್ರೌಂಡ್ ಲಿಫ್ಟ್’ ಸ್ವಿಚ್ ಒತ್ತಬಹುದು. ಅದು ಸದ್ದಿನ ತಂತಿಯ ಗ್ರೌಂಡ್ ಅನ್ನು ಮಾತ್ರ ಬಿಡಿಸುತ್ತದೆ, ಹಾಗಾಗಿ ಅಪಾಯವಿಲ್ಲ. ಡಿಐ ಇಲ್ಲದಿದ್ದರೆ ಲೈನ್ ಔಟ್, ಅದೂ ಇಲ್ಲದಿದ್ದರೆ ಹೆಡ್‌ಫೋನ್ ಔಟ್‌ನಿಂದ ಇಂಟರ್‌ಫೇಸ್‌ನ ಲೈನ್ ಇನ್‌ಗೆ, ವಾಲ್ಯೂಮ್ ತೀರ ಕೆಳಗಿನಿಂದ ಶುರುಮಾಡಿ.

ಆಂಪ್‌ನ ಸ್ಪೀಕರ್ ಔಟ್ ಅನ್ನು ಮಾತ್ರ ಯಾವ ಇಂಟರ್‌ಫೇಸ್‌ಗೂ, ಯಾವ ಕಂಪ್ಯೂಟರ್‌ಗೂ ಜೋಡಿಸಬೇಡಿ. ಹೆಡ್‌ಫೋನ್ ಔಟ್‌ನ ಹಾಗೆಯೇ ಕಾಣುವ ಕಿಂಡಿ ಅದು, ಆದರೆ ಅದರಲ್ಲಿ ಬರುವ ಶಕ್ತಿ ಒಂದೇ ಕ್ಷಣದಲ್ಲಿ ಇಂಟರ್‌ಫೇಸ್ ಅನ್ನು ಸುಟ್ಟುಹಾಕುತ್ತದೆ. ಸಿಕ್ಕಿಸುವ ಮೊದಲು ಕಿಂಡಿಯ ಪಕ್ಕದ ಬರಹವನ್ನು ಇನ್ನೊಮ್ಮೆ ಓದಿ.